ಬೈಕಿಗೆ ಇನ್ಶೂರೆನ್ಸ್ ಕಡ್ಡಾಯ, ಮೈಗೆ ಯಾಕಿಲ್ಲ?

ಕೌಲ್‌ಬಜಾರ್ ಕಟ್ಟೆ
ಮೋತಿ ಸರ್ಕಲ್ ಹತ್ರ ಪೊಲೀಸ್ರು ಬೈಕ್ ನಿಲ್ಲಿಸಿದ್ರೆ ಕೇಳೋದೇ ಇನ್ಶೂರೆನ್ಸ್ ಕಾಗದ. ಗಾಡಿಗೆ ಇಷ್ಟು ಜೋರು, ಅದನ್ನ ಓಡಿಸೋ ಮೈಗೆ ಮಾತ್ರ ಕೇಳೋರಿಲ್ಲ. ಮನೇಲಿ ಒಬ್ರಿಗೆ ಹಾರ್ಟ್ ಆಪರೇಷನ್ ಅಂದ್ರೆ ಹೊಲ ಹೋಯ್ತು, ಒಡವೆ ಹೋಯ್ತು, ಆಮೇಲೆ ಬಡ್ಡಿ ಸಾಲ. ವೈಯಕ್ತಿಕ ಆರೋಗ್ಯ ಪಾಲಿಸಿ ಮೇಲಿದ್ದ 18% ಜಿಎಸ್‌ಟಿನೂ 2025ರ ಸೆಪ್ಟೆಂಬರ್ 22ರಿಂದ ತೆಗೆದ್ರು. ಇನ್ನೇನು ಅಡ್ಡಿ? ಗಾಡಿಗೆ ಮಾಡಿದಂಗೆ ಪ್ರತಿಯೊಬ್ರಿಗೂ ಆರೋಗ್ಯ ವಿಮೆ ಕಡ್ಡಾಯ ಮಾಡ್ಲಿ, ಇಲ್ದಿದ್ರೆ ದಂಡ ಹಾಕ್ಲಿ. ತಪ್ಪಿದ್ರೆ ತಿದ್ರಿ.

ದೋಆಬ್ ರಾಯಚೂರು
ಹೋಲಿಕೀನೇ ತಪ್ಪದ ಅಣ್ಣಾರ. 1988ರ ಮೋಟಾರು ವಾಹನ ಕಾಯ್ದೆ 146ನೇ ಕಲಮು ಕಡ್ಡಾಯ ಮಾಡಿದ್ದು ಥರ್ಡ್ ಪಾರ್ಟಿ ಅಷ್ಟೇ. ಅಂದ್ರ ನೀವು ಯಾರಿಗೆ ಗುದ್ದಿದ್ರಿ, ಅವರಿಗೆ ಪರಿಹಾರ ಸಿಗಲಿ ಅಂತ. ನಿಮ್ಮ ಹೆಡ್‌ಲೈಟ್ ಒಡದ್ರ ಕೊಡೋ ಓನ್ ಡ್ಯಾಮೇಜ್ ಇವತ್ತಿಗೂ ನಿಮ್ಮ ಮರ್ಜಿ. ಕಿಡ್ನಿ ಕೆಟ್ಟರ ಅದು ಓನ್ ಡ್ಯಾಮೇಜ್.

ಕೋಟೆ ಕೆಳಗೆ
ಕಿಡ್ನಿ ಕೆಟ್ಟ ಖರ್ಚು ಒಬ್ಬನ ಹತ್ರಾನೇ ಉಳಿಯಲ್ಲ ಸಾರ್. ತುರ್ತು ರೋಗಿನ ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸಿದ್ರೆ ಅದು ಸಂವಿಧಾನದ 21ನೇ ವಿಧಿ ಉಲ್ಲಂಘನೆ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ, ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಕೇಸಿನಲ್ಲಿ ಹೇಳೈತೆ. ವಿಮೆ ಇಲ್ದೋನ ಖರ್ಚು ಕೊನೆಗೆ ಊರಿನ ಮೇಲೆ ಬೀಳುತ್ತೆ. ಅಮೆರಿಕದಲ್ಲೂ ವಾದ ಹುಟ್ಟಿದ್ದು ಹಿಂಗೇ. ಎಮರ್ಜೆನ್ಸಿಗೆ ಬಂದೋರನ್ನ ದುಡ್ಡು ಕೇಳದೆ ಮೊದಲು ಸ್ಥಿರ ಮಾಡ್ಬೇಕು ಅಂತ 1986ರಲ್ಲಿ ಕಾನೂನು ಬಂತು. ಆ ಬಿಲ್ಲು ಕಟ್ಟೋರು ಯಾರು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಗಂಜ್ ಗುಮಾಸ್ತ
ಕಡ್ಡಾಯ ಅನ್ನೋ ಮಾತು ಎಲ್ಲಿಂದ ಬಂತು ಅನ್ನೋದನ್ನ ಲೆಕ್ಕದಾಗ ನೋಡ್ರಿ.

ಒಂದು ಊರಾಗ 100 ಮನಿ. ವರ್ಷಕ್ಕ 10 ಮನಿಗೆ ದೊಡ್ಡ ಜಡ್ಡು ಬರ್ತದ, ತಲಾ 1 ಲಕ್ಷ ಖರ್ಚು. ಒಟ್ಟು 10 ಲಕ್ಷ. ಎಲ್ಲರೂ ಕೂಡಿದ್ರ ಮನಿಗೆ 10,000. ಗಟ್ಟಿಮುಟ್ಟಾದ 50 ಮನಿಯವರು "ನಮಗ್ಯಾಕ ಬೇಕು" ಅಂತ ಎದ್ದು ಹೋದ್ರು. ಜಡ್ಡಿನವರು ಮಾತ್ರ ಎದ್ದು ಹೋಗಂಗಿಲ್ಲ. ಅದೇ 10 ಲಕ್ಷ ಈಗ 50 ಮನಿ ಮ್ಯಾಲ, ತಲಾ 20,000. ಇನ್ನ 25 ಮನಿ ಬಿಟ್ರ 40,000. ಕೊನಿಗೆ ಉಳಿಯೋರು ಜಡ್ಡಿನವರಷ್ಟೇ, ಪ್ರೀಮಿಯಮ್ಮೂ ಆಸ್ಪತ್ರಿ ಬಿಲ್ಲೂ ಒಂದೇ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಕಂಪನಿಗಳು ಯಾರನ್ನೂ ಬ್ಯಾಡ ಅನ್ನಂಗಿಲ್ಲ, ಎಲ್ಲರಿಗೂ ಒಂದೇ ದರ ಅಂತ ನ್ಯೂಯಾರ್ಕ್ ರಾಜ್ಯ 1993ರಾಗ ಮಾಡ್ತು. ಕೊಳ್ಳೋದು ಮಾತ್ರ ಜನರ ಇಷ್ಟಕ್ಕ ಬಿಡ್ತು. ತಾವೇ ಪಾಲಿಸಿ ಕೊಳ್ಳೋರ ಪ್ರೀಮಿಯಂ ಮುಗಿಲಿಗೆ ಹೋತು.

ಇದು ಒಲಿ ಹೂಡಿದಂಗ, ಮೂರು ಗುಂಡು ಬೇಕು. ಕಂಪನಿ ಜಡ್ಡಿನವರನ್ನ ಬ್ಯಾಡ ಅನ್ನಬಾರದು, ಇದು ಒಂದು. ಗಟ್ಟಿ ಇದ್ದವರು ಎದ್ದು ಹೋಗಬಾರದು, ಎರಡು. ಕೊಳ್ಳಾಕ ಆಗದವರ ಪಾಲು ಸರ್ಕಾರ ತುಂಬಬೇಕು, ಮೂರು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2006ರಾಗ ಮೂರನ್ನೂ ಕೂಡಿಸ್ತು. ಒಬಾಮಾ 2010ರ ಮಾರ್ಚ್ 23ಕ್ಕ ಸಹಿ ಹಾಕಿದ ಕಾನೂನೂ ಅದೇ ಒಲಿ. ಕೌಲ್‌ಬಜಾರಿನವರು ಕೇಳ್ತಿರೋದು ನಡುವಿನ ಗುಂಡು ಒಂದನ್ನೇ. ಒಂದೇ ಗುಂಡಿನ ಮ್ಯಾಲ ಗಡಗಿ ನಿಲ್ಲಂಗಿಲ್ಲ.

ಮಿರ್ಚಿ ಮಂಡಕ್ಕಿ
ಆ ಒಬಾಮಾ ಕಾನೂನಿನ ಕೇಸಲ್ಲಿ ಅಮೆರಿಕ ಸುಪ್ರೀಂ ಕೋರ್ಟ್ ಜಡ್ಜ್ ಸ್ಕಾಲಿಯಾ ಕೇಳಿದ್ರಲ್ಲ, ಹಂಗಾದ್ರೆ ಸರ್ಕಾರ ಬ್ರೊಕೋಲಿ ತರಕಾರಿ ಕೊಳ್ಳೋದನ್ನೂ ಕಡ್ಡಾಯ ಮಾಡ್ಬಹುದಾ ಅಂತ. ನಮ್ಮ ಕಡೆ ಆದ್ರೆ ಮಿರ್ಚಿ ಬಜಿ. ನನ್ನ ವಿರೋಧ ಏನಿಲ್ಲ.

ದೋಆಬ್ ರಾಯಚೂರು
ಮಿರ್ಚಿ ತಿಂದು ಹೊಟ್ಟಿ ಉರದ್ರ ಅದು ಒಪಿಡಿ, ಅಡ್ಮಿಟ್ ಇಲ್ಲ. ಕ್ಲೇಮ್ ರಿಜೆಕ್ಟ್ 😄

ಕೋಟೆ ಕೆಳಗೆ
ನಗಾಡ್ರಿ, ಆದ್ರೆ ತೀರ್ಪು ಅರ್ಧ ಆ ಬ್ರೊಕೋಲಿ ಕಡೆಗೇ ವಾಲಿತ್ತು. 2012ರ ಜೂನ್ 28, 5–4 ತೀರ್ಪು. ವ್ಯಾಪಾರ ನಿಯಂತ್ರಿಸೋ ಅಧಿಕಾರ ಹಿಡ್ಕೊಂಡು ಜನರ ಕೈಲಿ ವಸ್ತು ಕೊಳ್ಳಿಸೋಕಾಗಲ್ಲ ಅಂದ್ರು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್. ಕೊಳ್ಳದೋರ ಮೇಲೆ ತೆರಿಗೆ ಹಾಕ್ಬಹುದು ಅಂತ ಹೇಳಿ ಕಾನೂನು ಉಳಿಸಿದ್ರು. 2016ರ ಹೊತ್ತಿಗೆ ಆ ದಂಡ ದೊಡ್ಡೋರಿಗೆ ತಲಾ 695 ಡಾಲರ್ ಅಥವಾ ಆದಾಯದ 2.5%, ಯಾವುದು ಜಾಸ್ತಿನೋ ಅದು. ತುಂಬಾ ಜನಕ್ಕೆ ಪ್ರೀಮಿಯಂಗಿಂತ ದಂಡಾನೇ ಅಗ್ಗ ಬಿತ್ತು. ದಂಡ ಕಟ್ಟಿ ಸುಮ್ನಾದ್ರು.

ಗವಿಮಠದ ಬೀದಿ
ಆ ದಂಡ 2019ರಿಂದ ಸೊನ್ನಿ ಆತು, ಅದನ್ನೂ ಹೇಳ್ರಿ. 2017ರ ಡಿಸೆಂಬರ್‌ನ ತೆರಿಗಿ ಕಾನೂನಿನ್ಯಾಗ ತಗದ್ರು. ಎಲ್ಲಾ ಕುಸೀತೈತಿ ಅಂದ್ರು, ಕುಸೀಲಿಲ್ಲ. ಯಾಕಂದ್ರ ಪ್ರೀಮಿಯಮ್ಮಿನ ದೊಡ್ಡ ಪಾಲು ಸರ್ಕಾರ ಕೊಡ್ತಿತ್ತು, ಜನ ತಾವಾಗೇ ಉಳಿದ್ರು. ಗುಮಾಸ್ತರ, ನಿಮ್ಮ ಮೂರು ಗುಂಡಿನ್ಯಾಗ ನಡುವಿಂದು ತಗದ್ರೂ ಗಡಗಿ ನಿಂತೈತಲ್ಲ?

ಗಂಜ್ ಗುಮಾಸ್ತ
ನಿಂತದ, ಸಬ್ಸಿಡಿ ಗುಂಡು ದಪ್ಪ ಇತ್ತು ಅಂತ. ಅದು ಸಣ್ಣಾದ್ರ ವಾಲ್ತದ. ಸ್ವಿಟ್ಜರ್ಲೆಂಡ್ ನೋಡ್ರಿ, 1996ರಿಂದ ಖರೇನೇ ಕಡ್ಡಾಯ. ಹೊಸದಾಗಿ ವಾಸಕ್ಕ ಬಂದವರು 3 ತಿಂಗಳೊಳಗ ಪಾಲಿಸಿ ತಗೋಬೇಕು. ಇಲ್ಲಂದ್ರ ಅಲ್ಲಿನ ಪ್ರಾಂತ ಸರ್ಕಾರಾನೇ ಒಂದು ಕಂಪನಿಗೆ ಹೆಸರು ಹಚ್ಚಿಬಿಡ್ತದ. ಮೂಲ ಪಾಲಿಸಿಗೆ ಕಂಪನಿ ಯಾರನ್ನೂ ಬ್ಯಾಡ ಅನ್ನಂಗಿಲ್ಲ. ಬಡವರ ಪ್ರೀಮಿಯಮ್ಮಿಗೆ ಸರ್ಕಾರದ ಸಹಾಯ ಅದ. ಅಲ್ಲಿ ಮೂರೂ ಗುಂಡು ಗಟ್ಟಿ.

ಆರೋಗ್ಯಮಿತ್ರ ಪಕ್ಕದ ಕುರ್ಚಿ
ಸ್ವಿಟ್ಜರ್ಲೆಂಡ್‌ವರೆಗೂ ಹೋದಿರಿ, ಈಗ ಜಿಲ್ಲಾಸ್ಪತ್ರೆಗೆ ಬನ್ನಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ರಕ್ಷಣೆ ಈಗಾಗಲೇ ಇದೆ. ಆಯುಷ್ಮಾನ್ ಭಾರತ್ ಜೊತೆ ಆರೋಗ್ಯ ಕರ್ನಾಟಕ ಸೇರಿದ್ದು 2018ರಲ್ಲಿ. ಅದಕ್ಕೆ ಪ್ರೀಮಿಯಂ ಇಲ್ಲ, ದಂಡವೂ ಇಲ್ಲ. ನಿಜ ಹೇಳಬೇಕೆಂದರೆ ಕರ್ನಾಟಕದಲ್ಲಿ ಅದು ವಿಮೆಯೇ ಅಲ್ಲ. ನಡುವೆ ಕಂಪನಿ ಇಲ್ಲ, ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಪ್ಯಾಕೇಜ್ ದರ (ಒಂದೊಂದು ಚಿಕಿತ್ಸೆಗೆ ಮೊದಲೇ ಗೊತ್ತುಮಾಡಿದ ಮೊತ್ತ) ಕಟ್ಟುತ್ತದೆ.

ಜನ ಎಡವುವುದು ಮೂರು ಕಡೆ.

ರೆಫರಲ್: ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಮಾತ್ರ ರೆಫರಲ್ ಬರೆದುಕೊಡುತ್ತಾರೆ, ಆಗ ನೋಂದಾಯಿತ ಖಾಸಗಿ ಆಸ್ಪತ್ರೆ. ಮೊದಲೇ ಖಾಸಗಿಯಲ್ಲಿ ಅಡ್ವಾನ್ಸ್ ಕಟ್ಟಿ, ಆಪರೇಷನ್ ಮುಗಿಸಿ, ಆಮೇಲೆ ಕಾರ್ಡ್ ಹಿಡಿದು ಬಂದರೆ ಆ ಹಣ ವಾಪಸ್ ಬರುವುದಿಲ್ಲ. ತುರ್ತು ಪಟ್ಟಿಯ ಚಿಕಿತ್ಸೆಗೆ ರೆಫರಲ್ ಬೇಕಿಲ್ಲ, ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು.

ಹೆಸರು: ಆಧಾರ್‌ನಲ್ಲಿ ಒಂದು ಕಾಗುಣಿತ, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಲ್ಲಿ. ಹುಟ್ಟಿದ ಮಗುವಿನ ಹೆಸರು ಸೇರಿಸಿರುವುದಿಲ್ಲ. ಇದನ್ನೆಲ್ಲ ರೋಗ ಬರುವ ಮುಂಚೆ ಸರಿ ಮಾಡಿಸಿಕೊಳ್ಳಿ, ರಾತ್ರಿ ಎರಡು ಗಂಟೆಗೆ ಯಾವ ಸೇವಾ ಕೇಂದ್ರವೂ ತೆರೆದಿರುವುದಿಲ್ಲ.

ಎಪಿಎಲ್: ಇವರಿಗೆ ಪ್ಯಾಕೇಜ್ ದರದ 30% ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದ 70% ಕೈಯಿಂದ. ಕಾರ್ಡ್ ಮರುಪರಿಶೀಲನೆಯಲ್ಲಿ ಬಿಪಿಎಲ್ ಹೋಗಿ ಎಪಿಎಲ್ ಆದವರು ಅಕ್ಕಿ ಹೋಯಿತೆಂದು ಅಳುತ್ತಾರೆ. ಅಕ್ಕಿಗಿಂತ ದೊಡ್ಡದು ಈ 5 ಲಕ್ಷ.

ಕೌಲ್‌ಬಜಾರ್ ಕಟ್ಟೆ
ಅಲ್ಲಿಗೆ ನನ್ನ ಮಾತು ಎಪಿಎಲ್‌ನೋರಿಗೆ ಅಂತ ತಿದ್ಕೋತೀನಿ. ಅಂಗಡಿ ಇಟ್ಟೋರು, ಮೇಷ್ಟ್ರು, ಐದಾರೆಕ್ರೆ ನೀರಾವರಿ ಇರೋರು. ಇವ್ರಿಗೆ ಕಡ್ಡಾಯ ಮಾಡ್ಬಹುದಲ್ಲ? ರಾಜ್ಯ ಸರ್ಕಾರಾನೇ ಮಾಡ್ಲಿ.

ತಾಲ್ಲೂಕು ಕೋರ್ಟ್ ಆಲದ ಮರ
ರಾಜ್ಯಕ್ಕೆ ಆಗದು. ಸಂವಿಧಾನದ ಏಳನೇ ಅನುಸೂಚಿ ನೋಡಿ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ರಾಜ್ಯ ಪಟ್ಟಿಯ 6ನೇ ನಮೂದು. ವಿಮೆ ಕೇಂದ್ರ ಪಟ್ಟಿಯ 47ನೇ ನಮೂದು. ಆಸ್ಪತ್ರೆ ಕಟ್ಟು, ಟ್ರಸ್ಟ್ ಮಾಡಿ ಚಿಕಿತ್ಸೆ ಕೊಡಿಸು ಎಂದರೆ ರಾಜ್ಯ ಮಾಡಬಹುದು. ವಿಮಾ ವ್ಯವಹಾರಕ್ಕೆ ಕಾನೂನು ಮಾಡುವುದು ಸಂಸತ್ತು.

ಜೀನ್ಸ್ ಗಲ್ಲಿ
ಕಡ್ಡಾಯ ವಿಮೆ ನಮ್ಮ ದೇಶದಲ್ಲಿ 1948ರ ಕಾನೂನಿಂದಾನೇ ಐತೆ. ಇಎಸ್‌ಐ, ಅಂದ್ರೆ ನೌಕರರ ರಾಜ್ಯ ವಿಮೆ. 10 ಜನಕ್ಕಿಂತ ಕಮ್ಮಿ ಇಲ್ಲದ ಘಟಕ, ತಿಂಗಳಿಗೆ 21,000ದವರೆಗೆ ಕೂಲಿ. ಕೆಲಸಗಾರನಿಂದ 0.75%, ಮಾಲೀಕನಿಂದ 3.25%. 14,000 ಕೂಲಿ ಇದ್ರೆ ಅವನದು 105, ಮಾಲೀಕನದು 455, ಒಟ್ಟು 560 ರೂಪಾಯಿ. ಅದಕ್ಕೆ ಇಡೀ ಮನೆಗೆ ಚಿಕಿತ್ಸೆ, ಒಪಿಡಿ ಮಾತ್ರೆನೂ ಸೇರಿ. ಇಷ್ಟು ಅಗ್ಗದ ಪಾಲಿಸಿ ಯಾವ ಕಂಪನಿನೂ ಕೊಡಲ್ಲ.

ಕಡ್ಡಾಯ ಅಂದ್ರೆ ಏನಾಗುತ್ತೆ ಅನ್ನೋದಕ್ಕೂ ಬಳ್ಳಾರಿ ಜೀನ್ಸ್ ಪೇಟೆನೇ ಪಾಠ. ಕಟಿಂಗ್ ಒಂದು ಶೆಡ್, ಹೊಲಿಗೆ ಇನ್ನೊಂದು, ಕಾಜಾ ಗುಂಡಿ ಮನೆಗಳಲ್ಲಿ, ಪೀಸ್ ಲೆಕ್ಕ. ಒಂದೊಂದು ಕಡೆ ಎಂಟೋ ಒಂಬತ್ತೋ ಜನ. 10 ಮುಟ್ಟಲ್ಲ, ಹಂಗಾಗಿ ಕಾನೂನು ಒಳಗೆ ಬರಲ್ಲ. ಹತ್ತು ಅಥವಾ ಜಾಸ್ತಿ ಜನ ಇದ್ರೆ ಪೀಸ್ ಲೆಕ್ಕದೋರೂ ಇಎಸ್‌ಐಗೆ ಬರ್ತಾರೆ, ಅದು ಬಹಳ ಜನಕ್ಕೆ ಗೊತ್ತಿಲ್ಲ.

ಒಳಗೆ ಇದ್ದೋರೂ ಲೆಕ್ಕ ಇಟ್ಕೋಬೇಕು. ಕಾಯಿಲೆ ರಜೆ ದುಡ್ಡು (ಕೂಲಿಯ 70%, ವರ್ಷಕ್ಕೆ 91 ದಿನ) ಸಿಗ್ಬೇಕಂದ್ರೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿರ್ಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಕಟ್ಟಿದ್ದಕ್ಕೆ ಲಾಭ ಜನವರಿಯಿಂದ ಜೂನ್. ಸೀಸನ್ ಇಲ್ಲ ಅಂತ ಮಾಲೀಕ 70 ದಿನ ತೋರ್ಸಿದ್ರೆ ಆ ದುಡ್ಡು ಹೋಯ್ತು.

ಮಿರ್ಚಿ ಮಂಡಕ್ಕಿ
ಅಂದ್ರೆ ಕಡ್ಡಾಯ ಮಾಡಿದ ಕೂಡ್ಲೇ ಒಂಬತ್ತು ಜನದ ಶೆಡ್ ಹುಟ್ಟುತ್ತೆ. ಭಾರತ ಬದಲಾಗಲ್ಲ ಬಿಡ್ರಿ.

ಸಿಂಧನೂರು ನಾಟಿ
ಎಪಿಎಲ್ ರೈತರಿಗೆ ಯಶಸ್ವಿನಿ ಯಾರೂ ನೆನಸಲಿಲ್ಲಲ್ಲ. 2003ರಾಗ ಶುರು, 2018ರಾಗ ನಿಂತು, 2022ರ ಕೊನಿಗೆ ಮತ್ತ ಬಂತು. ಸಹಕಾರ ಸಂಘದ ಸದಸ್ಯ ಇರಬೇಕು. ಹಳ್ಳಿ ಸಂಘ ಆದ್ರ ನಾಲ್ಕು ಮಂದಿ ಮನಿಗೆ ವರ್ಷಕ್ಕ 500 ರೂಪಾಯಿ, ಮ್ಯಾಲಿನ ಒಬ್ಬೊಬ್ಬರಿಗೆ 100. ಪ್ಯಾಟಿ ಸಂಘ ಆದ್ರ 1,000, ಮ್ಯಾಲ 200. ಮನಿಗೆ 5 ಲಕ್ಷದ ತನಕ. ಎಸ್‌ಸಿ, ಎಸ್‌ಟಿ ಸದಸ್ಯರ ವಂತಿಗಿ ಸರ್ಕಾರದ್ದು.

ಹೆಸರು ಹಚ್ಚಾಕ ಗಡುವು ಇರ್ತದ. ಯಾಕ ಗಡುವು ಅಂದ್ರ ಗುಮಾಸ್ತರು ಹೇಳಿದ ಲೆಕ್ಕಕ್ಕೇ: ಎದಿ ನೋವು ಬಂದ ಮ್ಯಾಲ 500 ಕಟ್ಟಾಕ ಓಡಿ ಬರಬಾರದು ಅಂತ. ಕಡ್ಡಾಯ ಮಾಡದೇನೂ ಗಟ್ಟಿ ಮಂದೀನ ಒಳಗ ತರೋ ಉಪಾಯ ಇದು. ಸಂಘದಾಗ ಬೆಳಿ ಸಾಲ ತಗೊಳ್ಳೋ ಹೊತ್ತಿಗೇ ಕಾರ್ಯದರ್ಶಿ ಹಿಡಕೊಂಡು ಕಟ್ಟಿಸಿಕೊಂಡ್ರ ಕೈಯಾಗ ರೊಕ್ಕ ಇರ್ತದ. ಭತ್ತ ಮಾರೋಕಿಂತ ಮುಂಚೆ ಕೇಳಿದ್ರ ಯಾರ ಕೊಡ್ತಾರ?

ಗವಿಮಠದ ಬೀದಿ
ವಂತಿಗಿ ಇಲ್ಲದ, ಕಡ್ಡಾಯ ಇಲ್ಲದ ಯೋಜನಿ ಏನು ಮಾಡತೈತಿ ಅನ್ನೋದಕ್ಕ ನಮ್ಮ ಕಡೇದೇ ಪುರಾವಿ ಐತಿ. ವಾಜಪೇಯಿ ಆರೋಗ್ಯಶ್ರೀ 2010ರಾಗ ಮೊದಲು ಬಂದಿದ್ದು ನಮ್ಮ ಗುಲಬರ್ಗಾ ವಿಭಾಗಕ್ಕ: ಬೀದರ, ಗುಲಬರ್ಗಾ, ರಾಯಚೂರು, ಕೊಪ್ಪಳ, ಬಳ್ಳಾರಿ. ಯೋಜನಿ ಬಂದ ಉತ್ತರದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬರದ ಹಳ್ಳಿಗಳನ್ನೂ ಹೋಲಿಸಿ ಮಾಡಿದ ಅಧ್ಯಯನ 2014ರಾಗ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ್ಯಾಗ ಬಂತು. ಯೋಜನಿಯೊಳಗಿನ ರೋಗಗಳಿಂದ ಬಡವರ ಸಾವು ಯೋಜನಿ ಇದ್ದ ಕಡೆ 64% ಕಡಿಮಿ, ಆಸ್ಪತ್ರಿಗೆ ಕೈಯಿಂದ ಹಾಕೋ ರೊಕ್ಕ 34% ಕಡಿಮಿ. ಒಬ್ಬರಿಗೂ ದಂಡ ಹಾಕಿರಲಿಲ್ಲ.

ಕೋಟೆ ಕೆಳಗೆ
ಒಳ್ಳೆ ಅಂಶ. ಆದ್ರೆ ಅದು ಹಾರ್ಟು, ಕ್ಯಾನ್ಸರ್, ಕಿಡ್ನಿ ಥರದ ದೊಡ್ಡ ಕಾಯಿಲೆ ಯೋಜನೆ. ಬಿಪಿ, ಶುಗರ್ ಮಾತ್ರೆಗೆ ತಿಂಗಳು ತಿಂಗಳು ಹೋಗೋದು ಅದ್ರೊಳಗೆ ಬರಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021–22ರಲ್ಲೂ ದೇಶದ ಒಟ್ಟು ಆರೋಗ್ಯ ಖರ್ಚಲ್ಲಿ 39.4% ಜನ ಜೇಬಿಂದಾನೇ ಹಾಕಿದ್ದು. ಮಾರೋ ಪಾಲಿಸಿಗಳು ಹೆಚ್ಚಿನವು ಅಡ್ಮಿಟ್ ಆದ್ರೆ ಮಾತ್ರ. ಕಡ್ಡಾಯ ಮಾಡಿಸಿ ಕೊಳ್ಳಿಸಿದ್ರೂ ಮಾತ್ರೆ ಚೀಟಿ ಹಂಗೇ ಉಳಿಯುತ್ತೆ.

ಸಿಂಧನೂರು ನಾಟಿ
ಮಾತ್ರಿ ಬಿಡ್ರಿ, ಹಾವು ಕಡಿದ್ರ? ನಾಟಿ ಹೊತ್ತಿನಾಗ ಗದ್ದ್ಯಾಗ ಕಡಿತಾವ. ತಾಲ್ಲೂಕು ಆಸ್ಪತ್ರಿಯಾಗ ಮೊದಲು ಮಾಡಬೇಕಾದ್ದು 20 ನಿಮಿಷದ ರಕ್ತ ಪರೀಕ್ಷಾ. ಒಣಗಿದ, ಹೊಸ ಗಾಜಿನ ಟ್ಯೂಬಿನಾಗ 2 ಎಂ.ಎಲ್. ರಕ್ತ ಹಾಕಿ ಅಲುಗಾಡಿಸದಂಗ ಇಡಬೇಕು, 20 ನಿಮಿಷಕ್ಕ ಹೆಪ್ಪುಗಟ್ಟಲಿಲ್ಲ ಅಂದ್ರ ವಿಷ ರಕ್ತಕ್ಕ ಏರೇದ. ಪ್ಲಾಸ್ಟಿಕ್ ಟ್ಯೂಬಿನಾಗ ಮಾಡಿದ್ರ, ಇಲ್ಲಾ ಸೋಪಿನ ನೀರಿನಾಗ ತೊಳದ ಟ್ಯೂಬ್ ತಗೊಂಡ್ರ, ವಿಷ ಇಲ್ಲದವರ ರಕ್ತಾನೂ ಹೆಪ್ಪುಗಟ್ಟದೇ ಇರಬಹುದು. ಆಮ್ಯಾಲ 10 ವೈಲ್ (ಸಣ್ಣ ಬಾಟಲಿ) ಪ್ರತಿವಿಷ, ದೊಡ್ಡವರಿಗೂ ಮಕ್ಕಳಿಗೂ ಅಷ್ಟೇ, ಯಾಕಂದ್ರ ಹಾವು ಮಂದಿ ತೂಕ ನೋಡಿ ಕಡಿಯಂಗಿಲ್ಲ. ಕರ್ನಾಟಕದಾಗ 2024ರಿಂದ ಹಾವು ಕಡಿತ ವರದಿ ಮಾಡಲೇಬೇಕಾದ ರೋಗ.

ಇದರಾಗ ವಿಮಾ ಎಲ್ಲಿ ಬಂತು? ಗಾಜಿನ ಟ್ಯೂಬೂ 10 ವೈಲೂ ಫ್ರಿಜ್ಜಿನಾಗ ಇಲ್ಲಂದ್ರ ಕಾರ್ಡ್ ಕೊಳ್ಳಾಗ ಹಾಕ್ಕೊಂಡ್ರೂ ಅಷ್ಟೇ. ಕಡ್ಡಾಯ ಮಾಡೋದಿದ್ರ ಅದನ್ನ ಮಾಡ್ಲಿ.

ಕೌಲ್‌ಬಜಾರ್ ಕಟ್ಟೆ
ಹಾವಿಗೂ ವಿಮೆಗೂ ಎತ್ತಣಿಂದೆತ್ತ ಸಂಬಂಧ ಸ್ವಾಮಿ. ದುಡ್ಡು ಒಟ್ಟಾದ್ರೆ ತಾನೇ ವೈಲ್ ಬರೋದು?

ಸಿಂಧನೂರು ನಾಟಿ
ವಿಮಾ ಕಂಪನಿ ಬಿಲ್ ಕಟ್ತದರಿ, ವೈಲ್ ತಂದಿಡಂಗಿಲ್ಲ.

ಕ್ಲೇಮ್ ಫೈಲ್
ಖಾಸಗಿ ಪಾಲಿಸಿ ಬಗ್ಗೆ ಮಾತು ಬರ್ತಿರೋದ್ರಿಂದ ಒಂದು ವಿಷಯ. ಮಾರೋರಿಗೆ ಕಡ್ಡಾಯ ಅನ್ನೋದು ಸ್ವಲ್ಪ ಮಟ್ಟಿಗೆ ಆಗಿದೆ. 2020ರ ಏಪ್ರಿಲ್‌ನಿಂದ ಆರೋಗ್ಯ ಸಂಜೀವನಿ ಅನ್ನೋ ಒಂದೇ ಮಾದರಿ ಪಾಲಿಸಿನ ಕಂಪನಿಗಳು ಮಾರಲೇಬೇಕು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ಹೇಳಿದೆ. ಷರತ್ತು ಎಲ್ಲ ಕಂಪನೀಲೂ ಒಂದೇ. ರೂಮ್ ಬಾಡಿಗೆ ವಿಮಾ ಮೊತ್ತದ 2%, ದಿನಕ್ಕೆ 5,000 ಮೀರದಂಗೆ. ಪ್ರತಿ ಕ್ಲೇಮಲ್ಲಿ 5% ನಿಮ್ಮದು. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ 40,000 ಅಥವಾ ವಿಮಾ ಮೊತ್ತದ 25%, ಯಾವುದು ಕಮ್ಮಿನೋ ಅದು. ಆದ್ರೆ ಶುಗರ್, ಬಿಪಿ ಇರೋರ ಅರ್ಜಿನ ಕಂಪನಿ ಈಗ್ಲೂ ಬೇಡ ಅನ್ನಬಹುದು. ಗುಮಾಸ್ತರ ಮೊದಲನೇ ಗುಂಡು ಅರ್ಧಾನೇ ಇಟ್ಟಿದ್ದು.

ಮಿರ್ಚಿ ಮಂಡಕ್ಕಿ
ಒಳ್ಳೆ ರೂಮ್ ತಗೊಂಡ್ರೆ ಇಡೀ ಬಿಲ್ಲಲ್ಲಿ ಅರ್ಧ ಕಟ್ ಮಾಡ್ತಾರಂತಲ್ಲ, ಹೌದಾ?

ಕ್ಲೇಮ್ ಫೈಲ್
ಇಡೀ ಬಿಲ್ಲಲ್ಲಿ ಅಲ್ಲ. ಪಾಲಿಸಿಯ ರೂಮ್ ಮಿತಿ ದಿನಕ್ಕೆ 3,000, ನೀವು ಇದ್ದದ್ದು 6,000ದ ರೂಮಲ್ಲಿ 5 ದಿನ ಅನ್ಕೊಳ್ಳಿ. ರೂಮ್ 30,000, ಡಾಕ್ಟರ್, ಒಟಿ, ನರ್ಸಿಂಗ್ ಸೇರಿ 1,00,000, ಔಷಧಿ ಮತ್ತು ಲ್ಯಾಬ್ 40,000. ಒಟ್ಟು 1,70,000. ರೂಮಲ್ಲಿ ಅರ್ಧ ಸಿಗುತ್ತೆ, 15,000. ಡಾಕ್ಟರ್, ಒಟಿಯಲ್ಲೂ ಅದೇ ಅನುಪಾತ, 50,000. ಔಷಧಿ, ಇಂಪ್ಲಾಂಟ್, ಲ್ಯಾಬಲ್ಲಿ ಈ ಅನುಪಾತದ ಕಡಿತ ಮಾಡಂಗಿಲ್ಲ, ಹಾಗಾಗಿ 40,000 ಪೂರ್ತಿ. ನಿಮಗೆ 1,05,000, ಕೈಯಿಂದ 65,000. ಮೂರು ಸಾವಿರದ ರೂಮಲ್ಲಿ ಇದ್ದಿದ್ರೆ ಹೆಚ್ಚುಕಮ್ಮಿ ಇಡೀ ಬಿಲ್ ಬರ್ತಿತ್ತು.

ಇನ್ನೊಂದು. ರೂಮ್ ಯಾವುದೇ ಇರಲಿ, ಒಟಿ, ಡಾಕ್ಟರ್ ಫೀಸು ಒಂದೇ ತಗೊಳ್ಳೋ ಆಸ್ಪತ್ರೆ ಆದ್ರೆ ಈ ಕಡಿತ ಮಾಡೋ ಹಾಗೇ ಇಲ್ಲ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಹೀಗೇ ಇರೋದು ಜಾಸ್ತಿ. ಆಸ್ಪತ್ರೆ ಲೆಟರ್‌ಹೆಡ್‌ನಲ್ಲಿ ಒಂದು ಸಾಲು ಬರೆಸಿ ಕ್ಲೇಮ್ ಜೊತೆ ಲಗತ್ತಿಸಿ.

ಜೀನ್ಸ್ ಗಲ್ಲಿ
ಏಜೆಂಟ್ರು ಶುಗರ್ ಇದ್ರೂ "ಇಲ್ಲ ಅಂತ ಹಾಕೋಣ ಬಿಡಿ" ಅಂತಾರೆ. ಅದೇನಾಗುತ್ತೆ?

ಕ್ಲೇಮ್ ಫೈಲ್
ಎರಡನೇ ವರ್ಷ ಕಾಲಿನ ಗಾಯಕ್ಕೆ ಅಡ್ಮಿಟ್ ಆದಾಗ ಕೇಸ್ ಶೀಟಲ್ಲಿ ಡಾಕ್ಟರ್ "ಶುಗರ್ 8 ವರ್ಷದಿಂದ" ಅಂತ ಬರೀತಾರೆ. ಆ ಒಂದು ಸಾಲು ಸಾಕು, ಕ್ಲೇಮೂ ಹೋಯ್ತು, ಪಾಲಿಸಿನೂ ರದ್ದು. ನಿಜ ಹೇಳಿದ್ರೆ ಹಳೇ ಕಾಯಿಲೆಗೆ ಕಾಯೋ ಅವಧಿ (ಅಲ್ಲಿವರೆಗೆ ಅದಕ್ಕೆ ಕ್ಲೇಮ್ ಸಿಗಲ್ಲ) ಗರಿಷ್ಠ 36 ತಿಂಗಳು, 2024ರಲ್ಲಿ 48ರಿಂದ ಇಳಿಸಿದ್ದಾರೆ. 60 ತಿಂಗಳು ಬಿಡದೆ ಕಟ್ಟಿದ ಮೇಲೆ ಮುಚ್ಚಿಟ್ಟಿದ್ರು ಅಂತ ಕ್ಲೇಮ್ ತಿರಸ್ಕರಿಸೋ ಹಾಗಿಲ್ಲ, ವಂಚನೆ ಸಾಬೀತಾದ್ರೆ ಮಾತು ಬೇರೆ. ಪಾಲಿಸಿ ಕೈಗೆ ಬಂದ 30 ದಿನದಲ್ಲಿ ಅರ್ಜಿ ನಕಲು ಓದಿ. ಏಜೆಂಟ್ ತಪ್ಪು ಬರೆದಿದ್ರೆ ತಿದ್ದಿಸಿ, ಇಲ್ಲಾಂದ್ರೆ ವಾಪಸ್ ಮಾಡಿ.

ತಿರಸ್ಕರಿಸಿದ್ರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಒಪ್ಪಿಗೆ ಆಗದಿದ್ರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆ ದೂರು ತೀರ್ಮಾನಿಸೋ ಅಧಿಕಾರಿ) ಹತ್ರ ಹೋಗಿ, ಒಂದು ವರ್ಷದೊಳಗೆ. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ.

ತಾಲ್ಲೂಕು ಕೋರ್ಟ್ ಆಲದ ಮರ
ವಕೀಲರು ಬೇಕಿಲ್ಲ ಎಂದು ಇಷ್ಟು ಜೋರಾಗಿ ಹೇಳಬೇಡಿ.

ಕೌಲ್‌ಬಜಾರ್ ಕಟ್ಟೆ
ಸರಿ, ಪ್ರಶ್ನೆ ಬದಲಾಯಿಸ್ತೀನಿ. ಮೊದಲು ಕಂಪನಿ ಯಾರನ್ನೂ ಬೇಡ ಅನ್ನಬಾರದು ಅಂತ ಕಡ್ಡಾಯ ಮಾಡಿ, ಆಮೇಲೆ ನಮಗೆ ಮಾಡಿದ್ರೆ?

ಗಂಜ್ ಗುಮಾಸ್ತ
ಮೊದಲು, ಆಮ್ಯಾಲ ಅಂದ್ರ ನಡುವಿನ ವರ್ಷದಾಗ ನ್ಯೂಯಾರ್ಕ್ ಆಗ್ತದ. ಹೂಡಿದ್ರ ಮೂರೂ ಒಂದೇ ದಿನ.

ಗವಿಮಠದ ಬೀದಿ
ಅಥವಾ ಕಂಪನಿ ಬಿಟ್ಟು ಎಪಿಎಲ್‌ಗೂ ಟ್ರಸ್ಟಿನ 30% ಹೋಗಿ 100% ಆಗ್ಲಿ, ತೆರಿಗಿಯಿಂದ. ತೆರಿಗಿ ಕಟ್ಟೋದು ಹೆಂಗೂ ಕಡ್ಡಾಯಾನೇ ಐತಿ.

ಕೋಟೆ ಕೆಳಗೆ
ಪ್ಯಾಕೇಜ್ ದರ ಕಮ್ಮಿ ಅಂತ ಖಾಸಗಿ ಆಸ್ಪತ್ರೆಗಳು ಈಗ್ಲೇ ಗೊಣಗ್ತಾವೆ, ಎಪಿಎಲ್‌ನೂ ಸೇರಿಸಿದ್ರೆ ಯೋಜನೆ ಬೋರ್ಡೇ ಇಳಿಸ್ತಾವೆ. ಬರೆದಿಟ್ಕೊಳ್ರಿ.

ಮಿರ್ಚಿ ಮಂಡಕ್ಕಿ
ಕ್ಲೇಮ್ ಫೈಲ್ ಅವ್ರೇ, ಈಗಿರೋ ಕಂಪನಿ ಬಿಟ್ಟು ಬೇರೆ ಕಡೆ ಹೋದ್ರೆ ಕಾದ ವರ್ಷ ಎಲ್ಲಾ ಸೊನ್ನೆಗೆ ಬರುತ್ತಾ?

ಕ್ಲೇಮ್ ಫೈಲ್
ಬರಲ್ಲ. ಪೋರ್ಟ್ ಮಾಡಿದ್ರೆ ಎರಡು ವರ್ಷ ಕಾದಿದ್ದು ಎರಡು ವರ್ಷಾನೇ, ಹಳೇ ವಿಮಾ ಮೊತ್ತದಷ್ಟಕ್ಕೆ. ಮೊತ್ತ ಹೆಚ್ಚಿಸಿಕೊಂಡ್ರೆ ಹೆಚ್ಚಿದ ಭಾಗಕ್ಕೆ ಮಾತ್ರ ಮತ್ತೆ ಕಾಯ್ಬೇಕು. ನವೀಕರಣಕ್ಕೆ 45 ದಿನ ಮುಂಚೆ ಹೊಸ ಕಂಪನಿಗೆ ಅರ್ಜಿ ಹಾಕಿ, ಅವರು ಒಪ್ಪಿ ಪಾಲಿಸಿ ಕೈಗೆ ಕೊಡೋವರೆಗೂ ಹಳೇದನ್ನ ಬಿಡಬೇಡಿ.